ದೂರದ ಬೈಕ್ ಪ್ರಯಾಣದಲ್ಲಿ ಕಾಲು, ಸೊಂಟ ಹಿಡಿಯುತ್ತಾ? ಏರ್ ಕುಶನ್, ಜೆಲ್, ಹೊಸ ಫೋಮ್: ನಿಮಗೆ ಯಾವುದು ಸರಿ

ಬೆಂಗಳೂರಿನಿಂದ ಶಿರಸಿಗೆ ನಾನು ವರ್ಷಕ್ಕೆ ಆರೇಳು ಸಲ ಬೈಕಿನಲ್ಲೇ ಹೋಗುತ್ತೇನೆ. ಹೆಚ್ಚುಕಮ್ಮಿ 400 ಕಿಲೋಮೀಟರ್. ತುಮಕೂರಿನವರೆಗೆ ಏನೂ ಗೊತ್ತಾಗುವುದಿಲ್ಲ. ಸಿರಾ ಬರುವಾಗ ಕೂತ ಜಾಗ ಉರಿಯಲು ಶುರು. ಹಿರಿಯೂರು ದಾಟುವಷ್ಟರಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಕೊಂಡು ಕೂರಬೇಕು. ಚಿತ್ರದುರ್ಗದಲ್ಲಿ ಗಾಡಿ ನಿಲ್ಲಿಸಿ, ಕಾಲೆತ್ತಿ ಸೀಟಿನಿಂದ ಆಚೆ ಹಾಕಲು ಆಗದೆ ಹಾಗೇ ಕೂತಿದ್ದ ದಿನಗಳಿವೆ. ಈಗ ಆ ಕಷ್ಟ ಇಲ್ಲ. ಆದರೆ ಅಲ್ಲಿಗೆ ಬರಲು ಮೂರು ವರ್ಷ ಹಿಡಿಯಿತು. ದುಡ್ಡೂ ಸಾಕಷ್ಟು ಹೋಯಿತು.

ಈಗ ಗೆಳೆಯರು, ತಮ್ಮಂದಿರು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಏರ್ ಕುಶನ್ ತಗೊಳ್ಳಲಾ, ಜೆಲ್ ಹಾಕಿಸಲಾ, ಇಲ್ಲ ಸೀಟೇ ಬದಲಾಯಿಸಲಾ?" ನಾನು ತಿರುಗಿ ಕೇಳುವುದೂ ಒಂದೇ. "ನೋವು ಎಲ್ಲಿ ಬರುತ್ತೆ, ಬೆರಳಿಟ್ಟು ತೋರಿಸು." ಸುಮಾರು ಜನಕ್ಕೆ ತಕ್ಷಣ ಹೇಳಲು ಆಗುವುದಿಲ್ಲ. ಅದು ಗೊತ್ತಿಲ್ಲದೆ ಏನು ಕೊಂಡರೂ ಅದೃಷ್ಟದ ಮೇಲೆ ಬಿಟ್ಟ ಹಾಗೆ. ಯಾಕೆಂದರೆ ಇಲ್ಲಿರುವ ಪ್ರತಿಯೊಂದು ಉಪಾಯವೂ ಒಂದು ನೋವನ್ನು ಇಳಿಸಿ, ಇನ್ನೊಂದನ್ನು ಸ್ವಲ್ಪ ಏರಿಸುತ್ತದೆ.

ಮೊದಲು ನೋಡಬೇಕಾದದ್ದು

ಗಟ್ಟಿ ಮರದ ಬೆಂಚಿನ ಮೇಲೆ ಕೂತು, ಕೆಳಗೆ ಎರಡೂ ಅಂಗೈ ಇಟ್ಟುಕೊಳ್ಳಿ. ಎರಡು ಗಟ್ಟಿ ಮೂಳೆ ಕೈಗೆ ಒತ್ತುತ್ತವೆ. ನಾವು ಕೂರಬೇಕಾದದ್ದು ಅವುಗಳ ಮೇಲೆ. ನೋವು, ಉರಿ ಸರಿಯಾಗಿ ಆ ಎರಡು ಜಾಗದಲ್ಲೇ ಬರುತ್ತಿದ್ದರೆ ತಪ್ಪು ಸೀಟಿನ ಫೋಮಿನದ್ದು. ಬೆನ್ನಿನ ತೀರಾ ಕೊನೆಯ ಬಾಲಮೂಳೆ ನೋಯುತ್ತಿದ್ದರೆ ನೀವು ಹಿಂದಕ್ಕೆ ಕುಸಿದು ಕೂರುತ್ತಿದ್ದೀರಿ, ಇಲ್ಲವೇ ನಿಮ್ಮ ಗಾಡಿಯಲ್ಲಿ ಕಾಲು ತುಂಬಾ ಮುಂದಿದೆ.

ಇಳಿದ ಕೂಡಲೇ ನೆಟ್ಟಗೆ ನಿಲ್ಲಲು ಆಗದೆ ತೊಡೆಸಂದಿನ ಮುಂಭಾಗ ಹಿಡಿದುಕೊಂಡರೆ ಸೀಟು ಮೆತ್ತಗೆ ಮಾಡಿಸಿ ಪ್ರಯೋಜನ ಇಲ್ಲ. ಅಲ್ಲಿನ ಸ್ನಾಯು ಗಂಟೆಗಟ್ಟಲೆ ಮಡಚಿದ ಹಾಗೇ ಇತ್ತು, ಅದಕ್ಕೆ ಹಿಗ್ಗಲು ಅವಕಾಶ ಬೇಕು. ಮಂಡಿ ನೋವಾದರೆ ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ ನಿಮ್ಮ ಕಾಲಿಗೆ ಸಾಲುತ್ತಿಲ್ಲ. ತೊಡೆಯ ಒಳಬದಿ ನೋಯುತ್ತಿದ್ದರೆ ಸೀಟಿನ ಮುಂಭಾಗ ಅಥವಾ ಟ್ಯಾಂಕ್ ನಿಮಗೆ ಅಗಲ ಜಾಸ್ತಿ. ತೊಡೆಯ ಹೊರಬದಿ ಜೋಮು ಹಿಡಿಯುತ್ತಿದ್ದರೆ ಮೊದಲು ಬೆಲ್ಟ್ ಸಡಿಲ ಮಾಡಿ ನೋಡಿ. ಬಿಗಿ ಬೆಲ್ಟ್, ಬಿಗಿ ಜೀನ್ಸು ಸೊಂಟದ ಮುಂದೆ ಹಾದುಹೋಗುವ ನರವನ್ನು ಒತ್ತುತ್ತವೆ. ಒಂದೇ ಬದಿಯಲ್ಲಿ ಸೊಂಟದ ಹಿಂದಿನಿಂದ ಕಾಲಿಗೆ ಚಳುಕು ಇಳಿಯುತ್ತಿದೆಯಾ? ಹಿಂದಿನ ಜೇಬಿನಲ್ಲಿ ಪರ್ಸ್ ಇದೆಯಾ ನೋಡಿ. ಇದ್ದರೆ ಇವತ್ತೇ ತೆಗೆದು ಜಾಕೆಟ್ಟಿಗೆ ಹಾಕಿ.

ಎರಡನೆಯದು, ನೋವು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬುದು. ಮುಕ್ಕಾಲು ಗಂಟೆಗೇ ಬಂದರೆ ಸೀಟಿನ ಆಕಾರ ಅಥವಾ ನೀವು ಕೂರುವ ಭಂಗಿ ತಪ್ಪಿದೆ. ಮೂರು ಗಂಟೆ ಆದ ಮೇಲೆ ಬಂದರೆ ಅದು ಯಾರಿಗಾದರೂ ಬರುವಂಥದ್ದೇ. ಅಷ್ಟಕ್ಕೆ ಸಣ್ಣ ಖರ್ಚು ಸಾಕು.

ಮೂರನೆಯದು, ನಿಂತಾಗ ಕಾಲು ನೆಲಕ್ಕೆ ಎಷ್ಟು ಸಿಗುತ್ತದೆ ಎಂಬುದು. ಎರಡೂ ಪಾದ ಪೂರ್ತಿ ಊರುತ್ತದೆಯಾ, ಬರೀ ತುದಿಗಾಲಾ? ಸೀಟಿನ ಮೇಲೆ ಏನೇ ಇಟ್ಟರೂ ನೀವು ಮೇಲೇರುತ್ತೀರಿ. ಆಮೇಲೆ ನೋಡಬೇಕಾದದ್ದು ವರ್ಷಕ್ಕೆ ಎಷ್ಟು ಸಲ ದೂರ ಹೋಗುತ್ತೀರಿ, ಮಳೆಯಲ್ಲೂ ಓಡಿಸುತ್ತೀರಾ, ಗಾಡಿ ಹೊರಗೆ ಬಿಸಿಲಲ್ಲಿ ನಿಲ್ಲುತ್ತದಾ, ಹಿಂದೆ ಯಾರಾದರೂ ಕೂರುತ್ತಾರಾ ಅನ್ನುವುದು. ದುಡ್ಡಿನ ಮಾತು ಕೊನೆಗೆ ಇರಲಿ.

ದುಡ್ಡಿಲ್ಲದೆ ಆಗುವುದನ್ನು ಮೊದಲು ಮಾಡಿ

ಹಿಂದಿನ ಶಾಕ್ ಅಬ್ಸಾರ್ಬರ್‌ನಲ್ಲಿ ಸ್ಪ್ರಿಂಗ್ ಬಿಗಿ-ಸಡಿಲ ಮಾಡುವ ಮೆಟ್ಟಿಲುಗಳಿರುತ್ತವೆ. ತುಂಬಾ ಜನ ಅದನ್ನು ಗಾಡಿ ಕೊಂಡ ದಿನದಿಂದ ಮುಟ್ಟಿರುವುದಿಲ್ಲ. ಇಬ್ಬರಿಗೆಂದು ಬಿಗಿ ಮಾಡಿಟ್ಟ ಗಾಡಿಯಲ್ಲಿ ಒಬ್ಬರೇ ಹೋದರೆ ಪ್ರತಿ ಹೊಂಡವೂ ನೇರ ಬೆನ್ನಿಗೆ ಬಡಿಯುತ್ತದೆ. ಒಂದೆರಡು ಮೆಟ್ಟಿಲು ಸಡಿಲ ಮಾಡಿ ನೋಡಿ. ಎರಡೂ ಬದಿ ಸಮ ಇರಲಿ. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇದೆಯಾ ಅಂತಲೂ ನೋಡಿ. "ಹೈವೇ ಅಲ್ವಾ, ಸ್ವಲ್ಪ ಜಾಸ್ತಿ ಹಾಕ್ತೀನಿ" ಎನ್ನುವ ಗಾಳಿ ಅಂಗಡಿಯ ಹುಡುಗನಿಗೆ ಬೇಡ ಅನ್ನಿ.

ನಾನು ಸೀಟಿನ ಮೇಲೆ ಎಲ್ಲಿ ಕೂರುತ್ತಿದ್ದೆ ಅನ್ನುವುದನ್ನು ಎರಡು ವರ್ಷ ಗಮನಿಸಿರಲೇ ಇಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮುಂದೆ ಜಾರಿ ಟ್ಯಾಂಕಿಗೆ ಅಂಟಿಕೊಳ್ಳುತ್ತಿದ್ದೆ. ಅಲ್ಲಿ ಸೀಟು ಸಣ್ಣ. ಭಾರ ಕೂರುವ ಮೂಳೆಯ ಮೇಲೆ ಬೀಳದೆ ತೊಡೆಸಂದಿನ ಮೆತ್ತನೆ ಭಾಗದ ಮೇಲೆ ಬೀಳುತ್ತದೆ. ಎರಡಿಂಚು ಹಿಂದೆ ಸರಿದು ಕೂತ ದಿನವೇ ಅರ್ಧ ಗಂಟೆ ಹೆಚ್ಚು ಕೂರಲು ಆಯಿತು.

ಇನ್ನು ನಿಲ್ಲುವುದು. ಗಂಟೆಗೊಮ್ಮೆ, ಬಹಳ ಅಂದರೆ ಒಂದೂವರೆ ಗಂಟೆಗೊಮ್ಮೆ ಇಳಿಯಿರಿ. ನೋವು ಬಂದ ಮೇಲೆ ಇಳಿಯುವುದಲ್ಲ, ಬರುವ ಮೊದಲೇ ಇಳಿಯಬೇಕು. ಐದು ನಿಮಿಷ ನಡೆಯಿರಿ. ಒಂದು ಕಾಲು ಮುಂದಿಟ್ಟು, ಹಿಂದಿನ ಕಾಲಿನ ತೊಡೆಸಂದು ಹಿಗ್ಗುವ ಹಾಗೆ ಸೊಂಟ ಮುಂದೆ ತಳ್ಳಿ ಅರ್ಧ ನಿಮಿಷ ನಿಲ್ಲಿ. ಆಮೇಲೆ ಗಾಡಿ ಹಿಡಿದುಕೊಂಡು ಒಂದು ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಕುರ್ಚಿಯಲ್ಲಿ ಕೂರುವ ಹಾಗೆ ಸ್ವಲ್ಪ ಬಗ್ಗಿ. ಸೊಂಟದ ಹಿಂಭಾಗ ಬಿಡಿಸಿಕೊಳ್ಳುತ್ತದೆ. ಹಿಮ್ಮಡಿ ಎತ್ತಿ ಇಳಿಸುವುದು ಇಪ್ಪತ್ತು ಸಲ. ಇಷ್ಟೇ ಸಾಕು.

ನೀರು ಕುಡಿಯುವುದನ್ನು ಬಿಡಬೇಡಿ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ನೀರು ಕುಡಿಯದೇ ಹೊರಡುವವರು ಬಹಳ ಜನ. ಅದರಲ್ಲೂ ಹೆಂಗಸರು. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳಲು ಅದೂ ಒಂದು ಕಾರಣ. ಊಟದ ಹೋಟೆಲು, ಪೆಟ್ರೋಲ್ ಬಂಕು ಎಲ್ಲಿ ಅಂತ ಮೊದಲೇ ನೋಡಿಕೊಂಡು, ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಕುಡಿಯುತ್ತಾ ಹೋಗಿ.

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕುಗಳನ್ನು ಬಿಡುತ್ತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಉಬ್ಬು, ಊರು, ಸಿಗ್ನಲ್ ಅಂತ ಕಾಲು ಆಡುತ್ತಲೇ ಇರುತ್ತದೆ. ಅದಕ್ಕೇ ಆ ದಾರಿಯಲ್ಲಿ ನನಗೆ ಬೆನ್ನಿಗೆ ಪೆಟ್ಟು ಬೀಳುತ್ತದೆಯೇ ಹೊರತು ಕಾಲು ಜೋಮು ಹಿಡಿಯುವುದಿಲ್ಲ. ಜೋಮು ಹಿಡಿಯುವುದು ಸಿರಾದಿಂದ ಆಚೆಯ ನೇರ ರಸ್ತೆಯಲ್ಲಿ. ಅಲ್ಲಿ ಒಂದೇ ಭಂಗಿ, ಒಂದೇ ವೇಗ. ಅಂಥ ಕಡೆ ಹತ್ತು ನಿಮಿಷಕ್ಕೊಮ್ಮೆ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ಸೀಟಿನಿಂದ ಸ್ವಲ್ಪ ಏಳಿ. ಹತ್ತು ಸೆಕೆಂಡು ಸಾಕು, ಒತ್ತಿಹೋದ ಜಾಗಕ್ಕೆ ರಕ್ತ ಹರಿಯುತ್ತದೆ.

ಇಷ್ಟು ಮಾಡಿ ಎರಡು ಸಲ ದೂರ ಹೋಗಿ ಬನ್ನಿ. ಆಮೇಲೂ ಉಳಿದ ನೋವಿಗೆ ಮಾತ್ರ ದುಡ್ಡು ಖರ್ಚು ಮಾಡಿ.

ಮೆಶ್ ಕವರ್ ಮತ್ತು ಜೆಲ್ ಪ್ಯಾಡ್

ಜಾಲರಿಯಂಥ ದಪ್ಪ ಬಟ್ಟೆಯ ಕವರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಕೆಳಗೆ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ, ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ಎತ್ತರ ಹೆಚ್ಚಾಗುವುದಿಲ್ಲ ಅಂದರೂ ನಡೆಯುತ್ತದೆ. ಚರ್ಮ ಉರಿಯುವವರಿಗೆ, ಬೆವರುಸಾಲೆ ಆಗುವವರಿಗೆ ಇದು ನಿಜಕ್ಕೂ ಒಳ್ಳೆಯದು. ಮೂಳೆ ಒತ್ತುವ ನೋವಿಗೆ ಇದರಿಂದ ಏನೂ ಆಗದು.

ಜೆಲ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಭಾರವನ್ನು ಹರಡುತ್ತದೆ ಅನ್ನುವುದು ಸರಿ. ಆದರೆ ಬಿಸಿಲಲ್ಲಿ ಗಾಡಿ ನಿಂತರೆ ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಊಟ ಮಾಡಿ ಬಂದು ಕೂತಾಗ ಗೊತ್ತಾಯಿತು, ಅರ್ಧ ಗಂಟೆಯಾದರೂ ಆ ಬಿಸಿ ಇಳಿಯಲಿಲ್ಲ. ತೆಳು ಜೆಲ್ ಶೀಟ್ ಒಂದು ಗಂಟೆ ಚೆನ್ನಾಗಿರುತ್ತದೆ. ಆಮೇಲೆ ನೀವು ಕೂತಿರುವುದು ಕೆಳಗಿನ ಹಳೇ ಫೋಮಿನ ಮೇಲೆಯೇ. ಕೆಳಗಿನ ಫೋಮ್ ಸರಿಯಿದ್ದು, ಗಾಡಿ ನೆರಳಲ್ಲಿ ನಿಲ್ಲುವಂತಿದ್ದು, ಪ್ರಯಾಣ ನೂರೈವತ್ತು ಕಿ.ಮೀ. ಒಳಗಿದ್ದರೆ ಜೆಲ್ ಸಾಕು. ಅದಕ್ಕೂ ಮೀರಿ ಅದನ್ನು ನಂಬಬೇಡಿ.

ಏರ್ ಕುಶನ್

ಒಳಗೆ ಸಣ್ಣ ಸಣ್ಣ ಗಾಳಿ ಗೂಡುಗಳು, ಒಂದಕ್ಕೊಂದು ಸೇರಿಕೊಂಡಿರುತ್ತವೆ. ಮೂಳೆ ಒತ್ತಿದ ಕಡೆಯ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ಭಾರ ಒಂದೇ ಜಾಗದಲ್ಲಿ ನಿಲ್ಲದೆ ಎಲ್ಲ ಕಡೆ ಹಂಚಿಹೋಗುತ್ತದೆ. ಕೂರುವ ಮೂಳೆ ನೋವಿಗೆ ಇಷ್ಟು ಬೇಗ ಆರಾಮ ಕೊಡುವುದು ಬೇರೆ ಇಲ್ಲ. ಇಲ್ಲಿ ತಯಾರಾಗುವವು ಎರಡರಿಂದ ನಾಲ್ಕು ಸಾವಿರದೊಳಗೆ ಸಿಗುತ್ತವೆ. ಹೊರದೇಶದವಕ್ಕೆ ಅದರ ಹಲವು ಪಟ್ಟು.

ಆದರೆ ಹತ್ತರಲ್ಲಿ ಎಂಟು ಜನ ನನಗೆ "ಏರ್ ಕುಶನ್ ಚೆನ್ನಾಗಿಲ್ಲ" ಅಂದಾಗ ಹೋಗಿ ನೋಡಿದರೆ ಗಾಳಿ ತುಂಬಿ ಬಿಗಿ ಮಾಡಿಟ್ಟಿರುತ್ತಾರೆ. ಬಿಗಿಯಾದರೆ ಬಲೂನಿನ ಮೇಲೆ ಕೂತ ಹಾಗೆ, ತೂಗಾಡುತ್ತದೆ. ಕ್ರಮ ಹೀಗೆ: ಸ್ವಲ್ಪ ಗಾಳಿ ಹಾಕಿ ಕೂರಿ. ಕೂತೇ ವಾಲ್ವ್ ತೆರೆದು ಮೆಲ್ಲಗೆ ಗಾಳಿ ಬಿಡಿ. ಮೂಳೆ ಕೆಳಗಿನ ಸೀಟಿಗೆ ತಾಗುತ್ತದೆ ಅನ್ನಿಸಿದಾಗ ನಿಲ್ಲಿಸಿ, ಒಂದು ಸಣ್ಣ ಉಸಿರಿನಷ್ಟು ಮತ್ತೆ ಊದಿ. ನಿಮಗೂ ಸೀಟಿಗೂ ನಡುವೆ ಒಂದು ಬೆರಳು ದಪ್ಪ ಗಾಳಿ ಇದ್ದರೆ ಸಾಕು. ಲಡಾಖ್ ಕಡೆ ಹೋಗುವವರು ನೆನಪಿಡಿ: ಮೇಲೇರಿದ ಹಾಗೆ ಒಳಗಿನ ಗಾಳಿ ಹಿಗ್ಗುತ್ತದೆ. ದಾರಿಯಲ್ಲಿ ಸ್ವಲ್ಪ ಬಿಡುತ್ತಾ ಹೋಗಬೇಕು.

ಇದರ ಕೊರತೆಗಳೂ ಸಣ್ಣವಲ್ಲ. ಒಂದು, ಎತ್ತರ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಸೀಟು ಮೊದಲೇ 805 ಮಿ.ಮೀ. ಅದರ ಮೇಲೆ ಇದು ಬಂದರೆ ನನ್ನಂಥ ಐದೂವರೆ ಅಡಿಯವರಿಗೆ ಹಿಮ್ಮಡಿ ನೆಲ ಬಿಡುತ್ತದೆ. 765 ಮಿ.ಮೀ.ನ ಮೀಟಿಯರ್ 350 ಓಡಿಸುವವರಿಗೆ ಈ ಚಿಂತೆ ಇಲ್ಲ. ಎರಡು, ತಿರುವು. ಗಾಡಿಯ ಹಿಂದಿನ ಚಕ್ರ ಏನು ಮಾಡುತ್ತಿದೆ ಅನ್ನುವುದು ನಮಗೆ ಸೀಟಿನ ಮೂಲಕವೇ ಗೊತ್ತಾಗುವುದು. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಮಳೆ ಬಿದ್ದ ರಸ್ತೆಯ ಮೇಲೆ ಆ ಅರಿವು ಮಂಕಾಗುವುದು ನನಗೆ ಇಷ್ಟವಾಗುವುದಿಲ್ಲ. ಘಾಟಿ ಬರುವ ಮೊದಲು ಬಿಚ್ಚಿ ಬ್ಯಾಗಿಗೆ ಹಾಕುತ್ತೇನೆ. ಮೂರು, ಪಂಕ್ಚರ್. ತೇಪೆ ಹಾಕುವ ಕಿಟ್ ಜೊತೆಗಿರಲಿ.

ಅದರ ದೊಡ್ಡ ಗುಣ ಬೇರೆ ಇದೆ. ಬಿಚ್ಚಬಹುದು. ವಾರದ ದಿನ ಆಫೀಸಿಗೆ ಬೇಡ, ದೂರದ ದಿನ ಹಾಕಿದರಾಯಿತು. ಗಾಡಿ ಮಾರಿದರೂ ಕುಶನ್ ನಿಮ್ಮ ಹತ್ತಿರವೇ ಉಳಿಯುತ್ತದೆ.

ಸೀಟಿಗೆ ಹೊಸ ಫೋಮ್ ಹಾಕಿಸುವುದು

ನನ್ನ ನೋವು ನಿಂತದ್ದು ಇದರಿಂದ. ಆದರೆ ಮೊದಲ ಸಲ ಮಾಡಿಸಿದಾಗ ಇನ್ನೂ ಜಾಸ್ತಿಯಾಗಿತ್ತು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಹೋದ ಅಂಗಡಿಯಲ್ಲಿ ಒರಿಜಿನಲ್ ಫೋಮ್ ಪೂರ್ತಿ ಕಿತ್ತು, ಮೆತ್ತನೆ ಸ್ಪಂಜು ಹಾಕಿ, ಹೊಳೆಯುವ ರೆಕ್ಸಿನ್ ಹೊದಿಸಿ ಕೊಟ್ಟರು. ಅಂಗಡಿ ಮುಂದೆ ಕೂತಾಗ ಸೋಫಾದ ಹಾಗಿತ್ತು. ಅರ್ಧ ದಾರಿಯಲ್ಲಿ ಸ್ಪಂಜು ಪೂರ್ತಿ ಅದುಮಿಕೊಂಡು, ನಾನು ಕೆಳಗಿನ ಪ್ಲೇಟಿನ ಮೇಲೆ ಕೂತಿದ್ದೆ. ಹೊಲಿಗೆ ನಡುವಲ್ಲೇ ಬಂದಿತ್ತು. ಮೊದಲ ಮಳೆಗೆ ನೀರು ಒಳಗಿಳಿದು, ಎರಡು ದಿನ ಕೂತಾಗಲೆಲ್ಲ ಪ್ಯಾಂಟ್ ಒದ್ದೆ.

ಸೀಟಿನ ವಿಷಯದಲ್ಲಿ ಎಲ್ಲರೂ ಮೋಸ ಹೋಗುವುದು ಇಲ್ಲೇ. ಮೆತ್ತಗಿರುವುದು ಆರಾಮ ಅಲ್ಲ. ಮೆತ್ತನೆ ಫೋಮಿನಲ್ಲಿ ಮೂಳೆ ಹೂತುಹೋಗಿ ಸುತ್ತಲಿನ ಮಾಂಸ ಹಿಂಡಿಹೋಗುತ್ತದೆ. ಗಟ್ಟಿ ಫೋಮ್ ಮೂಳೆಯನ್ನು ಎತ್ತಿ ಹಿಡಿಯುತ್ತದೆ. ಕೆಳಗೆ ಗಟ್ಟಿ ಪದರ, ಮೇಲೆ ಒಂದು ಇಂಚಿನಷ್ಟು ಸ್ವಲ್ಪ ಮೆತ್ತಗಿನದು. ಇದು ಸರಿಯಾದ ಜೋಡಣೆ. ಅರವತ್ತು ಕಿಲೋ ತೂಕದವರಿಗೆ ಸರಿಯಾದ ಫೋಮ್ ತೊಂಬತ್ತೈದು ಕಿಲೋದವರಿಗೆ ಆಗುವುದಿಲ್ಲ. ನಿಮ್ಮ ತೂಕ ಕೇಳದೆ ಕೆಲಸ ಶುರು ಮಾಡುವ ಅಂಗಡಿಯಿಂದ ಎದ್ದು ಬನ್ನಿ.

ಫೋಮಿಗಿಂತ ಆಕಾರ ಮುಖ್ಯ. ಮೂರು ಮಾತು ಹೇಳಿ ಮಾಡಿಸಿ. ಕೂರುವ ಮೂಳೆ ಬೀಳುವ ಜಾಗ ಅಗಲವಾಗಿ, ಮಟ್ಟಸವಾಗಿರಲಿ. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದ್ದರೆ ಅದನ್ನು ಸರಿ ಮಾಡಲಿ, ಇಲ್ಲವಾದರೆ ನೀವು ಮುಂದೆ ಜಾರುವುದು ತಪ್ಪುವುದಿಲ್ಲ. ಮುಂಭಾಗದ ಎರಡು ಅಂಚನ್ನು ಕೊರೆದು ಸಣ್ಣ ಮಾಡಲಿ. ಈ ಮೂರನೆಯದು ಕುಳ್ಳಗಿರುವವರಿಗೆ ವರ. ಸೀಟಿನ ಎತ್ತರ ಒಂದಿಷ್ಟೂ ಇಳಿಸದೆ ಕಾಲು ನೇರ ಕೆಳಗೆ ಬರುತ್ತದೆ, ತೊಡೆಯ ಒಳಬದಿ ಒತ್ತುವುದೂ ನಿಲ್ಲುತ್ತದೆ. ಕಾಲು ಸಿಗಲಿ ಅಂತ ಫೋಮನ್ನೇ ಇಂಚುಗಟ್ಟಲೆ ಕತ್ತರಿಸುವವರು ಇದ್ದಾರೆ. ಹಾಗೆ ಮಾಡಿದರೆ ಸಿಗ್ನಲ್‌ನಲ್ಲಿ ಆರಾಮ, ದಾರಿಯುದ್ದಕ್ಕೂ ನೋವು. ಮಂಡಿಯೂ ಇನ್ನಷ್ಟು ಮಡಚುತ್ತದೆ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಕಡೆ ಸೀಟು ಕೆಲಸದವರು ಬೇಕಾದಷ್ಟು ಜನ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗದಲ್ಲೂ ಹುಡುಕಿದರೆ ಕೈ ಪಳಗಿದವರು ಸಿಗುತ್ತಾರೆ. ಎರಡೂವರೆಯಿಂದ ಐದು ಸಾವಿರದವರೆಗೆ ಆಗಬಹುದು. ಸೀಟು ಬಿಟ್ಟು ಬರಬೇಡಿ. ಅಲ್ಲೇ ಇದ್ದು, ರೆಕ್ಸಿನ್ ಹೊದಿಸುವ ಮೊದಲು ಬರೀ ಫೋಮಿನ ಮೇಲೆ ಇಪ್ಪತ್ತು ನಿಮಿಷ ಕೂತು ನೋಡಿ. ಎರಡು ನಿಮಿಷ ಕೂತರೆ ಏನೂ ತಿಳಿಯುವುದಿಲ್ಲ. ನನ್ನ ಎರಡನೆಯ ಸೀಟು ಮಾಡಿದ ಹಿರಿಯರು ನನ್ನನ್ನು ನಾಲ್ಕು ಸಲ ಹತ್ತಿಸಿ ಇಳಿಸಿ, ಪ್ರತಿ ಸಲ ಫೋಮ್ ಮೇಲೆ ಎರಡು ಕುಳಿ ಬಿದ್ದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಕೊರೆದರು. ಇವತ್ತಿಗೂ ಆ ಸೀಟಿನಲ್ಲೇ ಹೋಗುತ್ತೇನೆ.

ಇನ್ನೊಂದು ವಿಷಯ. ಗಾಡಿಯ ಒರಿಜಿನಲ್ ಸೀಟು ಕತ್ತರಿಸಬೇಡಿ. ಗ್ಯಾರೇಜಿನಲ್ಲಿ ಹಳೇ ಸೀಟು ಸಿಗುತ್ತದೆ, ಅದರ ಮೇಲೆ ಮಾಡಿಸಿ. ಕೆಲಸ ಕೆಟ್ಟರೂ ವಾಪಸ್ ಹೋಗಲು ದಾರಿ ಇರುತ್ತದೆ. ಹೊಲಿಗೆ ನೀವು ಕೂರುವ ಜಾಗದಲ್ಲಿ ಬರದೆ ಪಕ್ಕದಲ್ಲಿ ಬರಲಿ.

ಕೆಲವು ಕಂಪನಿಗಳೇ ಟೂರಿಂಗ್ ಸೀಟ್ ಮಾರುತ್ತವೆ, ರಾಯಲ್ ಎನ್‌ಫೀಲ್ಡ್ ಕೂಡ. ಸರಿಯಾಗಿ ಕೂರುತ್ತದೆ, ನೀರು ಒಳಗೆ ಹೋಗುವುದಿಲ್ಲ, ಕೆಲಸ ಕೆಡುವ ಭಯ ಇಲ್ಲ. ಆದರೆ ಅದು ಸರಾಸರಿ ಮನುಷ್ಯನಿಗೆ ಮಾಡಿದ ಸೀಟು. ನಿಮ್ಮ ಮೈ ಆ ಸರಾಸರಿಗೆ ಹತ್ತಿರವಿದ್ದರೆ ಚೆನ್ನಾಗಿ ಹೊಂದುತ್ತದೆ. ಅಂಥ ಸೀಟು ಹಾಕಿದ ಯಾರದಾದರೂ ಗಾಡಿಯಲ್ಲಿ ಒಂದು ಗಂಟೆ ಹೋಗಿ ಬಂದು ಆಮೇಲೆ ಕೊಳ್ಳಿ.

ಪ್ಯಾಡ್ ಇರುವ ಚಡ್ಡಿ

ಸೈಕಲ್ ಓಡಿಸುವವರು ಹಾಕುವ, ಒಳಗೆ ಮೆತ್ತೆ ಇರುವ ಚಡ್ಡಿ. ನಮ್ಮಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ ಎರಡೇ ಸಲ ದೂರ ಹೋಗುವವರಿಗೆ, ಬಾಡಿಗೆ ಬೈಕಿನಲ್ಲಿ ಸ್ಪಿತಿಗೋ ಗೋವಾಗೋ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅನ್ನುತ್ತೇನೆ. ಸೀಟು ಯಾರದ್ದೇ ಇರಲಿ, ಮೆತ್ತೆ ನಿಮ್ಮ ಮೈಮೇಲೆ ಇರುತ್ತದೆ. ಎತ್ತರವೂ ಹೆಚ್ಚಾಗುವುದಿಲ್ಲ. ಒಳಗೆ ಇನ್ನೊಂದು ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮ ಕೆರೆಯುವುದು. ಸೈಕಲ್ಲಿನ ಮೆತ್ತೆ ಮುಂದೆ ಬಾಗಿ ಕೂರುವವರಿಗೆ ಮಾಡಿದ್ದು. ನೆಟ್ಟಗೆ ಕೂರುವ ಬೈಕಿನಲ್ಲಿ ಅದು ಸರಿಯಾದ ಜಾಗಕ್ಕೆ ಬರುತ್ತದೆಯಾ ಅಂತ ಹಾಕಿ, ಕೂತು ನೋಡಿ ತೆಗೆದುಕೊಳ್ಳಿ. ಕರಾವಳಿಯ ಸೆಕೆಯಲ್ಲಿ ಮಾತ್ರ ಕಷ್ಟ. ದಿನಾ ಒಗೆಯಲೇಬೇಕು, ಹಾಗಾಗಿ ಎರಡು ಬೇಕು.

ಮಂಡಿ, ತೊಡೆಸಂದು ನೋಯುವವರಿಗೆ

ಇಲ್ಲಿ ಸೀಟಿನ ಮೆತ್ತೆಯ ಮಾತು ಬಿಡಿ, ಕೋನದ ಮಾತು ಬರುತ್ತದೆ. ಮಂಡಿ ಜಾಸ್ತಿ ಮಡಚಿದಷ್ಟೂ ನೋವು. ಆರಡಿ ಎತ್ತರದವರು 790 ಮಿ.ಮೀ. ಸೀಟಿನ ಹಂಟರ್ 350 ಓಡಿಸಿದರೆ ಈ ನೋವು ಬರುವುದು ಸಹಜ. ಅವರಿಗೆ ನಾನು ಮೊದಲು ಹೇಳುವುದು ಸೀಟನ್ನು ಒಂದಿಂಚು ಎತ್ತರಿಸಲು. ಹೊಸ ಫೋಮ್ ಹಾಕಿಸುವಾಗಲೇ ಆಗುವ ಕೆಲಸ, ಅಪಾಯ ಇಲ್ಲ. ಇವರಿಗೆ ಏರ್ ಕುಶನ್ನಿನ ಎತ್ತರವೂ ಲಾಭವೇ.

ಫುಟ್‌ರೆಸ್ಟನ್ನು ಕೆಳಗಿಳಿಸುವ ಬ್ರಾಕೆಟ್ ಕೂಡ ಇದೆ. ಮಂಡಿಗೆ ಒಳ್ಳೆಯದು. ಆದರೆ ತಿರುವಿನಲ್ಲಿ ಗಾಡಿ ವಾಲಿಸಿದಾಗ ಬೇಗ ನೆಲಕ್ಕೆ ತಾಗುತ್ತದೆ. ಬ್ರೇಕ್ ಪೆಡಲ್, ಗೇರ್ ಲಿವರ್ ಎರಡನ್ನೂ ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಘಾಟಿಯವರಿಗೆ ಬೇಡ, ಬಯಲುಸೀಮೆಯವರಿಗೆ ಆಗಬಹುದು.

ಕಾಲು ಮುಂದೆ ಚಾಚಿ ಇಡಲು ಲೆಗ್ ಗಾರ್ಡಿಗೆ ಹಾಕುವ ಹೈವೇ ಪೆಗ್ ಕೇಳುವವರು ಬಹಳ. ಕಾಲು ಚಾಚಿದಾಗ ಮಂಡಿ, ತೊಡೆಸಂದು ಎರಡಕ್ಕೂ ಹಾಯೆನಿಸುತ್ತದೆ, ಸುಳ್ಳಲ್ಲ. ಆದರೆ ಕಾಲು ಮುಂದೆ ಹೋದ ಕೂಡಲೇ ಭಾರವೆಲ್ಲ ಬಾಲಮೂಳೆಗೆ ಬರುತ್ತದೆ. ಬಲಗಾಲು ಬ್ರೇಕಿನಿಂದ ದೂರವಾಗುತ್ತದೆ. ನಮ್ಮ ಹೆದ್ದಾರಿಯಲ್ಲಿ ಎದುರುದಿಕ್ಕಿನಿಂದ ಟ್ರ್ಯಾಕ್ಟರ್ ಬರಲು, ದನ ಅಡ್ಡ ಬರಲು ಹೊತ್ತು ಗೊತ್ತಿಲ್ಲ. ರಸ್ತೆ ಖಾಲಿ ಇದ್ದಾಗ ಎರಡು ಮೂರು ನಿಮಿಷ, ಎಡಗಾಲು ಮಾತ್ರ ಚಾಚಿಕೊಳ್ಳುತ್ತೇನೆ ಅನ್ನುವಷ್ಟು ಹಿಡಿತ ಇದ್ದರೆ ಹಾಕಿಸಿ. ಬಾಲಮೂಳೆ ಮೊದಲೇ ನೋಯುವವರಿಗೆ ಖಂಡಿತ ಬೇಡ.

ಮುಂದೆ ಬಾಗಿ ಓಡಿಸುವವರಿಗೆ ಹ್ಯಾಂಡಲ್ ರೈಸರ್ ಸಹಾಯ ಮಾಡುತ್ತದೆ. ಹ್ಯಾಂಡಲ್ ಮೇಲೆ, ಹಿಂದೆ ಬಂದರೆ ಸೊಂಟ ಮಡಚುವುದು ಕಡಿಮೆ. ಕೈಯ ಮೇಲಿದ್ದ ಭಾರ ಸೀಟಿಗೆ ಬರುತ್ತದೆ ಎನ್ನುವುದು ನೆನಪಿರಲಿ. ಹಾಕಿಸಿದ ಮೇಲೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಕ್ಲಚ್ ಕೇಬಲ್, ಬ್ರೇಕ್ ಹೋಸ್ ಎಳೆಯುತ್ತಿದೆಯಾ ನೋಡಿ. ಸೀಟು ಇಳಿಸಲು ಚಾಸಿ ಕತ್ತರಿಸುವ ಕೆಲಸಕ್ಕೆ ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಗಾಡಿಯ ಬಲ ಹೋಗುತ್ತದೆ, ಕಾನೂನಿನಲ್ಲೂ ತಪ್ಪು.

ಗಾಡಿಯನ್ನೇ ಬದಲಾಯಿಸಬೇಕಾ?

ಇದು ಕೊನೆಯ ದಾರಿ. ಆದರೂ ಹೊಸದು ಕೊಳ್ಳುವ ಯೋಚನೆ ಇದ್ದವರಿಗೆ ಹೇಳುತ್ತೇನೆ. ಸೀಟು ತಗ್ಗಿದ್ದು, ಕಾಲು ಮುಂದಿಟ್ಟು ಓಡಿಸುವ ಕ್ರೂಸರ್‌ನಲ್ಲಿ ಮಂಡಿಗೆ ಸುಖ, ಕಾಲು ನೆಲಕ್ಕೆ ಆರಾಮಾಗಿ ಸಿಗುತ್ತದೆ. ಆದರೆ ಬಾಲಮೂಳೆ, ಕೆಳಬೆನ್ನು ಹೊಂಡದ ಪೆಟ್ಟನ್ನೆಲ್ಲ ತಿನ್ನುತ್ತವೆ, ಯಾಕೆಂದರೆ ಫುಟ್‌ರೆಸ್ಟಿನ ಮೇಲೆ ಏಳಲು ಆಗುವುದಿಲ್ಲ. ಮುಂದೆ ಬಾಗಿ ಓಡಿಸುವ ಆರ್15ನಂಥ ಗಾಡಿಯಲ್ಲಿ ಮಂಡಿ, ತೊಡೆಸಂದು ಎರಡೂ ಮಡಚಿಯೇ ಇರುತ್ತವೆ. ನೂರು ಕಿಲೋಮೀಟರಿಗೆ ಸರಿ, ಐನೂರಕ್ಕೆ ವಯಸ್ಸು ಕೇಳುತ್ತದೆ. ಹಿಮಾಲಯನ್, ಎಕ್ಸ್‌ಪಲ್ಸ್ ಥರದ ಗಾಡಿಗಳಲ್ಲಿ ಎದ್ದು ನಿಲ್ಲಬಹುದು, ಕೂತು ಜಾಗ ಬದಲಾಯಿಸಬಹುದು. ಕಾಲು-ಸೊಂಟದ ನೋವಿಗೆ ಇವು ಉತ್ತಮ. ಸೀಟಿನ ಎತ್ತರ ಮಾತ್ರ 825 ಮಿ.ಮೀ. ಆಸುಪಾಸು. ಐದಡಿ ನಾಲ್ಕಿಂಚಿನವರು ತಿಂಡಿ ತಿನ್ನಲು ನಿಲ್ಲಿಸಿದಲ್ಲೆಲ್ಲ ನೆಲ ಹುಡುಕಬೇಕಾಗುತ್ತದೆ. ಶೋರೂಮಿನ ಐದು ನಿಮಿಷದ ಟೆಸ್ಟ್ ರೈಡ್ ನಂಬಬೇಡಿ. ಒಂದು ದಿನ ಬಾಡಿಗೆಗೆ ತೆಗೆದುಕೊಂಡು ಇನ್ನೂರು ಕಿಲೋಮೀಟರ್ ಹೋಗಿ. ಆ ಬಾಡಿಗೆ ದುಡ್ಡು ದಂಡವಲ್ಲ.

ಯಾರಿಗೆ ಯಾವುದು

ಆಫೀಸಿಗೇ ಹೆಚ್ಚು ಓಡಿಸಿ, ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುವ ಹುಡುಗರಿಗೆ: ಪ್ಯಾಡ್ ಚಡ್ಡಿ, ಮೆಶ್ ಕವರ್, ಗಂಟೆಗೊಮ್ಮೆ ಇಳಿಯುವುದು. ಎರಡು ಸಾವಿರದ ಹತ್ತಿರ ಮುಗಿಯುತ್ತದೆ. ತಿಂಗಳಿಗೊಮ್ಮೆ ದೂರ ಹೋಗುತ್ತೀರಿ, ಆದರೆ ಗಾಡಿ ಇನ್ನೆರಡು ವರ್ಷದಲ್ಲಿ ಮಾರುವ ಯೋಚನೆ ಇದೆ, ಕಾಲು ಚೆನ್ನಾಗಿ ನೆಲಕ್ಕೆ ಸಿಗುತ್ತದೆ ಅಂದರೆ ಏರ್ ಕುಶನ್. ಅದೇ ಗಾಡಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವವರು, ಎತ್ತರ ಕಡಿಮೆ ಇರುವವರು, ತೂಕ ತೊಂಬತ್ತು ದಾಟಿದವರು ಸೀಟಿನ ಫೋಮಿಗೇ ಕೈ ಹಾಕಿ. ಒಂದೇ ಸಲ ಮಾಡಿ, ಸರಿಯಾಗಿ ಮಾಡಿಸಿ. ಮಂಡಿಯೇ ತೊಂದರೆ ಇರುವ ಎತ್ತರದವರು ಸೀಟು ಏರಿಸಿ, ಅದೂ ಸಾಲದಿದ್ದರೆ ಮಾತ್ರ ಫುಟ್‌ರೆಸ್ಟ್ ಬ್ರಾಕೆಟ್.

ಇವುಗಳಲ್ಲಿ ಯಾವುದಕ್ಕೂ ದುಡ್ಡು ಹಾಕಬಾರದ ನೋವುಗಳೂ ಇವೆ. ಒಂದೇ ಮೀನಖಂಡ ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ತೊಡೆಸಂದಿನ ಸುತ್ತ ಸ್ಪರ್ಶವೇ ಗೊತ್ತಾಗದೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ಗಳಿಗೆಯಲ್ಲಿ ಹೋಗಬೇಕು. ಇಳಿದು ಎರಡು ದಿನವಾದರೂ ಕಾಲಿನ ಜೋಮು, ಚಳುಕು ಹೋಗದಿದ್ದರೂ ವೈದ್ಯರಿಗೆ ತೋರಿಸಿ. ಹೊರಡುವ ಮೊದಲು ನೋವಿನ ಮಾತ್ರೆ ನುಂಗಿ ಓಡಿಸುವುದು ಬೇಡ. ದೇಹ ಕೊಡುವ ಸುಳಿವು ಮುಚ್ಚಿಹೋಗುತ್ತದೆ.

ಹಿಂದೆ ಕೂರುವವರನ್ನು ಇಷ್ಟು ಹೊತ್ತು ಬಿಟ್ಟೆ. ಅವರ ಸೀಟು ಸಣ್ಣ, ಫೋಮ್ ತೆಳು, ಫುಟ್‌ರೆಸ್ಟ್ ಎತ್ತರ, ಓಡಿಸುವವರಿಗಿರುವ ಹ್ಯಾಂಡಲ್ ಅವರಿಗಿಲ್ಲ. ಹೊಂಡ ಬರುವುದೂ ಅವರಿಗೆ ಮೊದಲೇ ಕಾಣುವುದಿಲ್ಲ. ನನ್ನ ಹೆಂಡತಿ ಒಂದೂ ದೂರು ಹೇಳದೆ ಮೂರು ಸಲ ಶಿರಸಿಗೆ ಬಂದಿದ್ದಳು. ನಾಲ್ಕನೆಯ ಸಲ ಹಾವೇರಿಯಲ್ಲಿ ಇಳಿದವಳಿಗೆ ಹತ್ತು ಹೆಜ್ಜೆ ನಡೆಯಲು ಆಗಲಿಲ್ಲ. ಅಲ್ಲಿವರೆಗೆ ನಾನು ಕೇಳಿಯೇ ಇರಲಿಲ್ಲ. ಈಗ ಏರ್ ಕುಶನ್ ಅವಳ ಸೀಟಿನ ಮೇಲಿರುತ್ತದೆ. ಅವಳಿಗೆ ಕಾಲು ನೆಲಕ್ಕೆ ಊರುವ ಚಿಂತೆ ಇಲ್ಲವಲ್ಲ, ಅಲ್ಲಿ ಅದರ ಎತ್ತರದಿಂದ ಮಂಡಿಗೂ ಅನುಕೂಲವೇ. ಹಿಂದಿನ ಬಾಕ್ಸಿಗೆ ಒರಗು ದಿಂಬು ಹಾಕಿಸಿದ್ದೇನೆ. ಹೊಂಡ ಕಂಡಾಗ ಎಡಗೈ ಎತ್ತಿ ತೋರಿಸುತ್ತೇನೆ, ಅವಳು ಸ್ವಲ್ಪ ಏಳುತ್ತಾಳೆ. ಎಲ್ಲಿ ನಿಲ್ಲಬೇಕು ಅನ್ನುವುದನ್ನು ಈಗ ಅವಳೇ ಹೇಳುತ್ತಾಳೆ.